ಕೂಗುವ ಹೆಸರು

"ಅರ್ಥಶಾಸ್ತ್ರಜ್ಞರೇ ಬೇಕು ಮೇಡಂ, ಆದ್ರೆ ಅರ್ಥಶಾಸ್ತ್ರ ಬೇಡ," ಎಂದ ನೀರಿನ ನಲ್ಲಿ ತಯಾರಿಸುವ ಕಂಪನಿಯ ಜನರಲ್ ಮ್ಯಾನೇಜರ್, ಫೋನಿನಲ್ಲಿ.

ಏಜೆಂಟಮ್ಮ ನಗು ನುಂಗಿಕೊಂಡಳು. ಕಂಪನಿಗಳ ವಾರ್ಷಿಕ ಸಭೆಗೆ, ವ್ಯಾಪಾರಿಗಳ ಸಮ್ಮೇಳನಕ್ಕೆ ಮುಖ್ಯ ಭಾಷಣಕಾರರನ್ನು ಒದಗಿಸುವುದು ಅವಳ ಕಸುಬು. ಲೇಖಕರು, ಅರ್ಥಶಾಸ್ತ್ರಜ್ಞರು, ಎರಡೂ ಆಗಿರುವವರು, ಎರಡೂ ಆಗದೆ ಮಾತು ಮಾತ್ರ ಬರುವವರು, ಎಲ್ಲರೂ ಅವಳ ಕೈಯಲ್ಲಿದ್ದರು. ಅವರೇ ಅವಳಿಗೆ ಏಜೆಂಟಮ್ಮ ಅಂತ ಹೆಸರಿಟ್ಟಿದ್ದು. ಇಂಥ ಬೇಡಿಕೆ ಕೇಳಿ ಕೇಳಿ ಅವಳ ಕಿವಿ ಪಳಗಿಹೋಗಿತ್ತು. ಒಬ್ಬರಿಗೆ ಕಾದಂಬರಿಕಾರರು ಬೇಕು, ಆದರೆ ದುಃಖದ ಮಾತು ಆಡಬಾರದು. ಇನ್ನೊಬ್ಬರಿಗೆ ಕವಿ ಬೇಕು, ಆದರೆ ಕವಿಯ ಹಾಗೆ ಕಾಣಬಾರದು.

"ಅರ್ಥಶಾಸ್ತ್ರ ಬೇಡ ಅಂದ್ರೆ ಹೇಗೆ ಸರ್?"

"ಅಂಕಿ ಅಂಶ, ಗ್ರಾಫು, ಅವೆಲ್ಲ ಬೇಡ. ಜನಕ್ಕೆ ಸ್ವಲ್ಪ ಮನಸ್ಸು ಹಗುರ ಆಗ್ಬೇಕು. ಬೆಳಗ್ಗೆ ನಿಮ್ಮವರ ಮಾತು, ಆಮೇಲೆ ಊಟ. ಊಟ ಆದ್ಮೇಲೆ ನಮ್ದೊಂದು ಆಡಳಿತದ ಕೆಲ್ಸ ಇದೆ. ಅಷ್ಟೊತ್ತಿಗೆ ಎಲ್ರೂ ನಗ್ತಾ ಇದ್ರೆ ಅನುಕೂಲ."

ಆಡಳಿತದ ಕೆಲಸ ಅಂದರೆ ಏನೆಂದು ಅವಳು ಕೇಳಲಿಲ್ಲ. ಬೇರೆ ದಿನವಾಗಿದ್ದರೆ ಕೇಳುತ್ತಿದ್ದಳೋ ಏನೋ. ಆ ಹೊತ್ತಿಗೆ ಅವಳ ಗಮನವೆಲ್ಲ ಒಳಕೋಣೆಯ ಅರೆತೆರೆದ ಬಾಗಿಲಿನ ಮೇಲಿತ್ತು. ಲಾಂಡ್ರಿ ಅಂಗಡಿಯ ಮೇಲಿನ ಆ ಮನೆಯಲ್ಲಿ ಮುಂದಿನ ಕೋಣೆಯೇ ಅವಳ ಆಫೀಸು. ಕೆಳಗಿನಿಂದ ಇಸ್ತ್ರಿಯ ಬಿಸಿ ವಾಸನೆ ನೆಲದೊಳಗಿಂದಲೇ ಏರಿ ಬರುತ್ತಿತ್ತು. ಒಳಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿ ಅವಳ ಸೋದರಮಾವ ಕೂತಿದ್ದರು. ಬೆಳಗ್ಗೆ ಕೂತರೆ ಸಂಜೆಗೆ ಏಳುವುದು. ನೋಡುವುದಕ್ಕೆ ಎದುರಿಗಿದ್ದದ್ದು ಒಂದು ಗೋಡೆ, ಗೋಡೆಯ ಮೇಲೊಂದು ಪೈಪು.

ಒಂದು ಕಾಲದಲ್ಲಿ ಈ ಮಾವ ಮಾತಿಗೆ ನಿಂತರೆ ಸಭೆಗಳಲ್ಲಿ ಕುರ್ಚಿ ಸಾಲುತ್ತಿರಲಿಲ್ಲ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು, ಸಂಬಳ ಮನೆಗೆ ಬಂದ ಮೇಲೆ ಅದಕ್ಕೆ ಏನೇನು ಗತಿಯಾಗುತ್ತದೆ ಎಂದು ಒಂದು ಪುಸ್ತಕ ಬರೆದರು. ಹೆಂಡತಿ ಅಡುಗೆಮನೆಯ ಡಬ್ಬದಲ್ಲಿ ಬಚ್ಚಿಡುವ ಚಿಲ್ಲರೆಯಿಂದ ಹಿಡಿದು ಮಗಳ ಶೂಗೆ ಹಾಕಿಸುವ ಹೊಲಿಗೆಯ ತನಕ ಎಲ್ಲವೂ ಅದರಲ್ಲಿತ್ತು. ಓದಿದವರು ಅತ್ತರು, ನಕ್ಕರು, ಕಂಪನಿಗಳು ಕರೆದವು. ಊರೂರು ಸುತ್ತಿದರು. ಹೋದಲ್ಲೆಲ್ಲ ಅತ್ತೆ ಜೊತೆಗಿರಬೇಕು. ಮೂರನೇ ಸಾಲಿನಲ್ಲೇ ಕೂರಬೇಕು. ಮಾವನಿಗೆ ಮಾತು ಶುರುಮಾಡುವುದು ಗೊತ್ತಿತ್ತು, ಮುಗಿಸುವುದು ಗೊತ್ತಿರಲಿಲ್ಲ. ಅತ್ತೆ ಕನ್ನಡಕ ತೆಗೆದರೆ ಸಾಕು, ವಾಕ್ಯ ಅರ್ಧದಲ್ಲಿದ್ದರೂ ಬಾಯಿ ಮುಚ್ಚಿ ಕೈಮುಗಿದುಬಿಡುತ್ತಿದ್ದರು. ಎಷ್ಟೋ ಸಾರಿ ಜನ ಅದನ್ನೇ ಭಾಷಣದ ಒಂದು ಕುಶಲತೆ ಅಂದುಕೊಂಡು ಇನ್ನಷ್ಟು ಚಪ್ಪಾಳೆ ತಟ್ಟಿದ್ದುಂಟು.

ಅತ್ತೆ ಹೋದ ಮೇಲೆ ಮಾವನ ಮಾತೂ ಹೋಯಿತು. ಕಾಯಿಲೆ ಏನೂ ಇಲ್ಲ ಎಂದರು ಡಾಕ್ಟರು. ಊಟ ಮಾಡ್ತೀರಾ ಎಂದರೆ "ಹೂಂ". ಬೇಡವಾ ಎಂದರೆ ಅದಕ್ಕೂ "ಹೂಂ". ಹೀಗೆ ಬಿಟ್ಟರೆ ಇನ್ನು ಹೆಚ್ಚು ದಿನ ಇಲ್ಲ ಎಂದು ಏಜೆಂಟಮ್ಮನಿಗೆ ಡಾಕ್ಟರು ಹೇಳಬೇಕಾಗಿರಲಿಲ್ಲ. ತಟ್ಟೆಯಲ್ಲಿ ಉಳಿಯುತ್ತಿದ್ದ ಅನ್ನವೇ ಹೇಳುತ್ತಿತ್ತು. ಚಿಕ್ಕಂದಿನಲ್ಲಿ ಅಪ್ಪನಿಲ್ಲದ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಾಡಿದ ಮನುಷ್ಯ ಕಣ್ಣೆದುರೇ ಒಣಗುವುದನ್ನು ನೋಡುವುದು ಅವಳ ಕೈಲಾಗುತ್ತಿರಲಿಲ್ಲ.

"ಇದ್ದಾರೆ ಸರ್, ನೀವು ಹೇಳಿದಂಥವರೇ ಒಬ್ಬರು ಇದ್ದಾರೆ," ಎಂದುಬಿಟ್ಟಳು ಫೋನಿಗೆ.

ಆಮೇಲೆ ಶುರುವಾಯಿತು ಮಾವನನ್ನು ಎಬ್ಬಿಸುವ ಕೆಲಸ.

"ಆಗಲ್ಲ ಮಗು. ಬೇರೆ ಯಾರನ್ನಾದ್ರೂ ಕಳ್ಸು."

"ಬೇರೆಯವರು ಗ್ರಾಫು ತೋರಿಸ್ತಾರೆ ಮಾವ. ಅವರಿಗೆ ಗ್ರಾಫು ಬೇಡ್ವಂತೆ."

"ನಾನು ಶುರುಮಾಡಿದ್ರೆ ನಿಲ್ಸೋರ್ಯಾರು?"

"ನಾನಿಲ್ವಾ? ನಂಗೂ ಕನ್ನಡಕ ಬಂದಿದೆ, ನೋಡಿ. ಮೂರನೇ ಸಾಲಲ್ಲಿ ಕೂತಿರ್ತೀನಿ. ಇದು ಮೂಗಿನ ಮೇಲೆ ಇರೋವರೆಗೂ ಮಾತಾಡಿ. ತೆಗೆದೆ ಅಂದ್ರೆ ನಿಲ್ಸಿ."

ಮಾವ ಕಿಟಕಿಯಿಂದ ತಿರುಗಿ ಅವಳ ಮುಖವನ್ನೇ ತುಂಬ ಹೊತ್ತು ನೋಡಿದರು. "ನಿಮ್ಮತ್ತೆದು ದುಂಡು ಕನ್ನಡಕ. ನಿಂದು ಚೌಕ," ಎಂದರು. ಅಷ್ಟು ದಿನಗಳಲ್ಲಿ ಅತ್ತೆಯ ವಿಷಯ ಅವರ ಬಾಯಿಗೆ ಬಂದದ್ದು ಅದೇ ಮೊದಲು. ಏಜೆಂಟಮ್ಮ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡು ಬಂದಳು.

ಮಾರನೇ ದಿನ ಅವರೇ ಕೇಳಿದರು: "ಹೆಸರು ಕೇಳಿದ್ಯಾ?"

ಅದು ಮಾವನ ಹಳೆಯ ಪದ್ಧತಿ. ಯಾವ ಕಂಪನಿಗೆ ಹೋಗುವುದಿದ್ದರೂ ಮೊದಲು ಅಲ್ಲಿಯ ನಾಲ್ಕೈದು ಜನರ ಹೆಸರು ತರಿಸಿಕೊಳ್ಳಬೇಕು. ರಿಜಿಸ್ಟರಿನಲ್ಲಿರುವ ಹೆಸರಲ್ಲ, ಜೊತೆಯವರು ಕೂಗುವ ಹೆಸರು. ಭಾಷಣದ ನಡುವೆ ಆ ಹೆಸರು ಹಿಡಿದು ಕೂಗಿ, ಎದ್ದು ನಿಲ್ಲಿಸಿ, ಅವರ ಕೆಲಸವನ್ನು ಸಭೆಗೆ ಬಣ್ಣಿಸಿ ಹೇಳುತ್ತಿದ್ದರು. ಅಧ್ಯಕ್ಷರ ಹೆಸರು ಹೇಳಿದರೆ ಬೀಳುವ ಚಪ್ಪಾಳೆಯೇ ಬೇರೆ, ಸ್ಟೋರ್ಸ್ ಅಜ್ಜನ ಹೆಸರು ಕೂಗಿದರೆ ಬೀಳುವ ಚಪ್ಪಾಳೆಯೇ ಬೇರೆ. ಊರಿಗೆ ಹೊಸಬರಾದ ಭಾಷಣಕಾರರು ಆ ಒಂದು ಕ್ಷಣದಲ್ಲಿ ಮನೆಯವರಾಗಿಬಿಡುತ್ತಿದ್ದರು.

ಏಜೆಂಟಮ್ಮ ಕಂಪನಿಯ ಸಿಬ್ಬಂದಿ ವಿಭಾಗಕ್ಕೆ ಫೋನು ಹಚ್ಚಿದಳು. ಎತ್ತಿದ್ದು ಒಬ್ಬ ಎಳೆಯ ದನಿಯ ಹುಡುಗಿ.

"ಕೂಗೋ ಹೆಸರಾ ಮೇಡಂ? ಬರ್ಕೊಳ್ಳಿ. ವಾಷರ್ ಅಜ್ಜ, ಸ್ಟೋರ್ಸಲ್ಲಿದಾರೆ. ಕತ್ತಲಲ್ಲಿ ಕೈ ಹಾಕಿದ್ರೂ ಬೇಕಾದ ಅಳತೆ ವಾಷರೇ ತೆಗೀತಾರೆ. ಸೋರ್ಬಾರ್ದಪ್ಪ, ಟೆಸ್ಟಿಂಗಲ್ಲಿ. ಪ್ರತಿ ನಲ್ಲಿ ತಿರುಗಿಸ್ವಾಗ್ಲೂ 'ಸೋರ್ಬಾರ್ದಪ್ಪ, ಸೋರ್ಬಾರ್ದು' ಅಂತ ಹೇಳೇ ತಿರುಗಿಸೋದು. ರೇಡಿಯೋ, ಡಿಸ್ಪ್ಯಾಚಿನವರು, ಅವರ ಬಾಯಿಗೆ ಬೀಗ ಇಲ್ಲ. ಶಿಳ್ಳೆ, ಪ್ಯಾಕಿಂಗು. ಆಮೇಲೆ ಬಿಲ್ಲಿಂಗಿನ ದೊಡ್ಡಕ್ಕ. ಅವರ ತಾಯಿಗೆ ಹುಷಾರಿಲ್ಲ, ಆದ್ರೂ ಒಂದಿನಾ ತಪ್ಪಿಸ್ಕೊಳ್ಳಲ್ಲ."

ಒಂದೇ ಉಸಿರಿಗೆ ಹೇಳಿದಳು. ಯಾರನ್ನೂ ಕೇಳಲಿಲ್ಲ, ಆಮೇಲೆ ಹೇಳ್ತೀನಿ ಅನ್ನಲಿಲ್ಲ. ಬೇರೆ ಕಂಪನಿಗಳಲ್ಲಿ ಈ ಪ್ರಶ್ನೆಗೆ ಸಿಬ್ಬಂದಿ ವಿಭಾಗದವರು ತಡವರಿಸಿ, ಕೊನೆಗೆ ಮ್ಯಾನೇಜರನ ಮಗ್ಗುಲಲ್ಲಿ ಕೂರುವವರ ಹೆಸರು ಕೊಡುವುದು ವಾಡಿಕೆ. "ಎಷ್ಟು ಪ್ರೀತಿ ಇಟ್ಕೊಂಡಿದೀಯಮ್ಮ ನಿಮ್ಮ ಜನದ ಮೇಲೆ," ಎಂದಳು ಏಜೆಂಟಮ್ಮ. ಆ ಕಡೆಯಿಂದ ಉತ್ತರ ಬರಲಿಲ್ಲ. ಲೈನು ಕಟ್ಟಾಯಿತೆಂದುಕೊಂಡು ಇವಳೂ ಇಟ್ಟಳು.

ಸಭೆ ಇದ್ದದ್ದು ಒಂದು ದೊಡ್ಡ ಹೋಟೆಲಿನ ಮೀಟಿಂಗ್ ಹಾಲಿನಲ್ಲಿ. ಹೆಜ್ಜೆ ಸದ್ದು ನುಂಗುವ ದಪ್ಪ ಜಮಖಾನ, ಎಸಿಯ ಚಳಿ, ಬಿಳಿ ಬಟ್ಟೆ ಹೊದಿಸಿದ ಮೇಜುಗಳ ಮೇಲೆ ಸಣ್ಣ ನೀರಿನ ಬಾಟಲಿಗಳು. ಸದಾ ಎಣ್ಣೆ ಲೋಹದ ನಡುವೆ ಇರುವ ಜನ ಇಸ್ತ್ರಿಯ ಗೆರೆ ಕಾಣುವ ಅಂಗಿ ತೊಟ್ಟು, ಯಾರದೋ ಮನೆಗೆ ಬಂದವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ವೇದಿಕೆಯ ಹಿಂದೆ ಹೊಳೆಯುವ ಒಂದು ಭಾರಿ ನಲ್ಲಿಯ ಚಿತ್ರ. ಏಜೆಂಟಮ್ಮ ಮಾವನ ಕಾಲರಿಗೆ ಮೈಕು ಸಿಕ್ಕಿಸಿದಳು.

"ಚೌಕ ಕನ್ನಡಕ," ಎಂದರು ಮಾವ ಮೆಲ್ಲಗೆ.

"ಇಲ್ಲೇ ಇದೆ. ಹೋಗಿ ಮಾವ."

ಮೊದಲ ಮಾತುಗಳು ಸಭೆಗೆ ಮುಟ್ಟಲಿಲ್ಲ. ಯಾರೋ ಕೆಮ್ಮಿದರು. ಜನರಲ್ ಮ್ಯಾನೇಜರ್ ತನ್ನ ಫೋನು ನೋಡಿಕೊಂಡ. ಏಜೆಂಟಮ್ಮ ಕುರ್ಚಿಯ ಕೈ ಬಿಗಿಹಿಡಿದಳು. ಆಗ ಮಾವ ಹಿಂದಿನ ಚಿತ್ರದ ಕಡೆ ತಿರುಗಿ, "ನಮ್ಮನೆ ಬಚ್ಚಲಲ್ಲಿ ನಿಮ್ಮ ನಲ್ಲಿನೇ ಇರೋದು ಕಣ್ರಯ್ಯ. ಮದುವೆಯಾದ ಹೊಸದ್ರಲ್ಲಿ ಹಾಕ್ಸಿದ್ದು. ಹೆಂಡ್ತಿ ಹೋದ್ಲು, ನಲ್ಲಿ ಇದೆ," ಎಂದರು. ಸಭೆ ನಗಬೇಕೋ ಬೇಡವೋ ತಿಳಿಯದೆ ಒಂದು ಗಳಿಗೆ ತಡೆಯಿತು. "ನಗ್ರಪ್ಪ, ಅವಳಿದ್ದಿದ್ರೆ ಅವಳೇ ಮೊದಲು ನಗ್ತಿದ್ಲು."

ಅಲ್ಲಿಂದ ನೀರು ಬಿಟ್ಟ ಹಾಗೆ. ಕಿಟಕಿಯೆದುರು ಕೂತಿದ್ದ ಮುದುಕ ಎಲ್ಲಿ ಹೋದನೋ! ಬೆನ್ನು ನೆಟ್ಟಗಾಯಿತು, ದನಿಗೆ ಹಳೆಯ ಏರಿಳಿತ ಬಂತು.

"ನಾನು ಅರ್ಥಶಾಸ್ತ್ರ ಹೇಳೋದು ಬೇಡ ಅಂದಿದಾರೆ ನಿಮ್ಮೋರು. ಆದ್ರೂ ಒಂದೇ ಒಂದು ನಿಯಮ ಹೇಳ್ತೀನಿ, ಯಾವ ಪುಸ್ತಕದಲ್ಲೂ ಸಿಗಲ್ಲ. ಕೆಲ್ಸದ ಜಾಗದಲ್ಲಿ ಅಡ್ಡಹೆಸರು ಬಿತ್ತು ಅಂದ್ರೆ ಕೆಲ್ಸ ಖಾಯಂ ಆಯ್ತು ಅಂತ ಅರ್ಥ! ಕಾಗ್ದ ಕೊಡೋದು ಕಂಪನಿ. ಬೇರು ಕೊಡೋದು ಜೊತೆಯೋರು. ಎಲ್ಲಿ, ವಾಷರ್ ಅಜ್ಜ ಯಾರು? ಏಳಿ ಅಜ್ಜ, ನಾಚ್ಕೋಬೇಡಿ!"

ಸಭೆ ಭೋರೆಂದಿತು. ಬೊಕ್ಕತಲೆಯ ಒಬ್ಬ ವೃದ್ಧ ಪಕ್ಕದವರ ಹೆಗಲು ಹಿಡಿದು ಎದ್ದ. ಮಾವ ಕತ್ತಲಲ್ಲಿ ವಾಷರ್ ಹುಡುಕುವ ಅವನ ಬೆರಳುಗಳ ಬಗ್ಗೆ ಹೇಳಿದ್ದಕ್ಕೆ ಅವನು ತನ್ನ ಕೈಗಳನ್ನೇ ಮೊದಲ ಸಲ ನೋಡುವವನಂತೆ ನೋಡಿಕೊಂಡ.

"ಸೋರ್ಬಾರ್ದಪ್ಪ ಎಲ್ಲಿ?"

ಅಷ್ಟರಲ್ಲಿ ಯಾರೋ ಬಂದು ಏಜೆಂಟಮ್ಮನ ಪಕ್ಕ ಬಗ್ಗಿ ಕೂತರು. ಕೊರಳಲ್ಲಿ ಗುರುತಿನ ಚೀಟಿ, ತುಟಿ ಬಿಳಚಿಕೊಂಡಿತ್ತು. ಸಿಬ್ಬಂದಿ ವಿಭಾಗದ ಹುಡುಗಿ.

"ಮೇಡಂ, ನಿಲ್ಸಿ ಅವರನ್ನ."

"ಯಾಕಮ್ಮ? ಎಷ್ಟು ಚೆನ್ನಾಗಿ..."

"ಮಧ್ಯಾಹ್ನ ಕೆಲ್ಸದಿಂದ ತೆಗೀತಾ ಇರೋದು ಅವರನ್ನೇ. ಆ ಹೆಸರಿನೋರನ್ನೇ." ಹುಡುಗಿಯ ಉಸಿರು ಅವಳ ಕಿವಿಗೆ ಬಿಸಿಯಾಗಿ ತಾಗಿತು. "ಒಂದು ತಿಂಗಳಿಂದ ಬಾಗ್ಲು ಹಾಕ್ಕೊಂಡು ಅವರ ಫೈಲೇ ನೋಡ್ತಾ ಇದೀನಿ. ನೀವು ಕೇಳಿದಾಗ ನನ್ನ ತಲೇಲಿ ಬೇರೆ ಹೆಸರೇ ಇರ್ಲಿಲ್ಲ ಮೇಡಂ. ಫೋನ್ ಇಟ್ಟ ಮೇಲೆ ಗೊತ್ತಾಯ್ತು. ಹೇಳೋಕೆ ಧೈರ್ಯ ಬರ್ಲಿಲ್ಲ. ಎಲ್ಲೋ ಒಂದ್ಕಡೆ... ಒಂದ್ಸಲ ಚಪ್ಪಾಳೆ ಆದ್ರೂ ಬೀಳ್ಲಿ ಅನ್ಸಿತೋ ಏನೋ. ಇನ್ನೂ ಮೂರು ಜನ ಇದಾರೆ. ನಿಲ್ಸಿ."

ಏಜೆಂಟಮ್ಮನ ಕೈ ತಾನಾಗಿ ಕನ್ನಡಕದ ಕಡ್ಡಿಗೆ ಹೋಯಿತು. ಒಂದು ಎಳೆತ, ಅಷ್ಟೇ. ಮಾವ ಬಾಯಿ ಮುಚ್ಚಿ ಕೈಮುಗಿಯುತ್ತಾರೆ. ರೇಡಿಯೋ, ಶಿಳ್ಳೆ, ದೊಡ್ಡಕ್ಕ ಕೂತಲ್ಲೇ ಕೂತಿರುತ್ತಾರೆ. ಸಭೆಯೆದುರು ಎದ್ದು ಮಾನ ಪಡೆದು, ಮಧ್ಯಾಹ್ನ ಅದೇ ಸಭೆಯೆದುರು ಅದನ್ನು ಕಳೆದುಕೊಳ್ಳುವುದಾದರೂ ತಪ್ಪುತ್ತದೆ.

ವೇದಿಕೆಯ ಮೇಲಿನಿಂದ ಮಾವ ಅವಳ ಕಡೆ ನೋಡಿದರು.

ಆ ಮುಖ! ಕೆನ್ನೆಯಲ್ಲಿ ರಕ್ತ ಆಡುತ್ತಿತ್ತು, ಕಣ್ಣಲ್ಲಿ ತುಂಟತನ ಕುಣಿಯುತ್ತಿತ್ತು. ಅತ್ತೆ ಬದುಕಿದ್ದಾಗಿನ ಮುಖ. ಈಗ ನಿಲ್ಲಿಸಿದರೆ ಯಾಕೆ ಎಂದು ಹೇಳಬೇಕಾಗುತ್ತದೆ. ಹೇಳಿದರೆ ಈ ಮನುಷ್ಯ ಮನೆಗೆ ಹೋಗಿ ಆ ಕಿಟಕಿಯೆದುರು ಕೂತು ಇನ್ನೆಂದೂ ಏಳುವುದಿಲ್ಲ. ಇನ್ನು ಸ್ವಲ್ಪ ಹೊತ್ತು, ಎಂದುಕೊಂಡಳು. ಮಾತು ಮುಗಿಯಲಿ. ಊಟಕ್ಕೆ ಮೊದಲೇ ಕರೆದುಕೊಂಡು ಹೊರಟುಬಿಡುತ್ತೇನೆ. ಅವರಿಗೆ ಗೊತ್ತಾಗುವುದೇ ಬೇಡ.

ಕಡ್ಡಿ ಹಿಡಿದ ಬೆರಳಿನಿಂದಲೇ ಕನ್ನಡಕವನ್ನು ಮೂಗಿನ ಮೇಲೆ ಇನ್ನಷ್ಟು ಏರಿಸಿಕೊಂಡಳು.

ಮಾವ ನಕ್ಕರು. "ಎಲ್ಲಿ ನಮ್ಮ ರೇಡಿಯೋ? ಇವತ್ತು ಯಾಕೋ ಬ್ಯಾಟ್ರಿ ಇಲ್ವಾ?"

ಹುಡುಗಿ ಎದ್ದು ಹೋದಳು. ಸಭೆ ಹೊಟ್ಟೆ ಹಿಡಿದು ನಗುತ್ತಿತ್ತು. ಶಿಳ್ಳೆ ಎದ್ದವನು ಎರಡು ಬೆರಳು ಬಾಯಿಗಿಟ್ಟು ಜೋರಾಗಿ ಶಿಳ್ಳೆ ಹೊಡೆದೇ ಕೂತ. ದೊಡ್ಡಕ್ಕನನ್ನು ಅಕ್ಕಪಕ್ಕದವರು ಎತ್ತಿ ನಿಲ್ಲಿಸಬೇಕಾಯಿತು. ಆಕೆ ಕೈಯಿಂದ ಮುಖ ಮುಚ್ಚಿಕೊಂಡು ಅಳುತ್ತ ನಗುತ್ತಿದ್ದರು. ಜನರಲ್ ಮ್ಯಾನೇಜರ್ ಮಾತ್ರ ಫೋನು ಕೆಳಗಿಟ್ಟು, ಕತ್ತು ತಿರುಗಿಸಿ, ಎದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಕೊನೆಗೆ ಅವನೂ ಚಪ್ಪಾಳೆ ತಟ್ಟಿದ. ತಟ್ಟದೆ ಬೇರೆ ದಾರಿ ಇರಲಿಲ್ಲ.

ಹೊರಟುಬಿಡುತ್ತೇನೆ ಎಂದುಕೊಂಡದ್ದು ಆಗಲಿಲ್ಲ. ಮಾವ ವೇದಿಕೆ ಇಳಿಯುವ ಮೊದಲೇ ಜನ ಮುತ್ತಿದರು.

"ಮಾವ, ತಡ ಆಯ್ತು, ನಡೀರಿ."

"ಎಲ್ಲಿಗೆ ತಡ? ಹಸಿವಾಗಿದೆ ಕಣೇ!" ಎಂದರು ಮಾವ. ಹಸಿವಾಗಿದೆ ಎಂದು ಅವರು ತಾವಾಗಿ ಹೇಳಿ ಎಷ್ಟು ದಿನವಾಗಿತ್ತು! ಇನ್ನು ಎಳೆದುಕೊಂಡು ಹೋಗಲು ಅವಳಿಗೆ ಮನಸ್ಸಾಗಲಿಲ್ಲ. ಮಾವ ವಾಷರ್ ಅಜ್ಜನ ಮೇಜಿಗೇ ಹೋಗಿ ಕೂತು ಎರಡು ಸಲ ಅನ್ನ ಹಾಕಿಸಿಕೊಂಡು ತಿಂದರು. ತನ್ನ ತಟ್ಟೆಯನ್ನು ಏಜೆಂಟಮ್ಮ ಮುಟ್ಟಲಿಲ್ಲ.

ಊಟ ಮುಗಿಯುತ್ತಿದ್ದ ಹಾಗೆ ಹಾಲಿನ ಪಕ್ಕದ ಸಣ್ಣ ಕೋಣೆಯ ಬಾಗಿಲು ತೆರೆಯಿತು. ಹುಡುಗಿ ಹೊರಗೆ ಬಂದು, ನೆಲ ನೋಡಿಕೊಂಡು, ಸಣ್ಣ ದನಿಯಲ್ಲಿ ಆ ಐವರೂ ಒಳಗೆ ಬರಬೇಕೆಂದಳು.

"ಓಹೋ, ಬಹುಮಾನ!" ಎಂದು ಯಾರೋ ಕೂಗಿದರು. ಕೂಗಿದ್ದೇ ತಡ ಇಡೀ ಹಾಲು ಮತ್ತೆ ಚಪ್ಪಾಳೆ ತಟ್ಟಿತು. ಶಿಳ್ಳೆ ತನ್ನ ಶಿಳ್ಳೆ ಹಾಕುತ್ತಲೇ ಒಳಗೆ ಹೋದ. ರೇಡಿಯೋ ತನ್ನ ಕೂದಲು ಸರಿಮಾಡಿಕೊಂಡು, "ಫೋಟೋ ತೆಗೀತಾರಾ?" ಎಂದು ಕೇಳುತ್ತ ಹೋದಳು. ವಾಷರ್ ಅಜ್ಜ ಹಿಂಜರಿದ. "ನಂಗ್ಯಾಕಪ್ಪ ಇದೆಲ್ಲ."

"ಏಳಿ ಅಜ್ಜ, ಕೊಟ್ಟಾಗ ತಗೋಬೇಕು," ಎಂದು ಮಾವನೇ ಅವನ ಕೈ ಹಿಡಿದು ಎಬ್ಬಿಸಿ, ಬಾಗಿಲ ತನಕ ನಡೆಸಿಕೊಂಡು ಹೋಗಿ ಒಳಗೆ ಬಿಟ್ಟು ಬಂದರು. ಏಜೆಂಟಮ್ಮ ಕುರ್ಚಿಯಿಂದ ಏಳಲು ನೋಡಿದಳು. ಏಳಲಾಗಲಿಲ್ಲ.

ಬಾಗಿಲು ಮುಚ್ಚಿತು. ಶಿಳ್ಳೆ ನಿಂತಿತು.

ಹೊರಗೆ ಬಂದಾಗ ಯಾರೂ ಯಾರನ್ನೂ ನೋಡಲಿಲ್ಲ. ಚಪ್ಪಾಳೆಗೆ ಎತ್ತಿದ ಕೆಲವು ಕೈ ಹಾಗೇ ಗಾಳಿಯಲ್ಲಿ ಉಳಿದವು. ರೇಡಿಯೋ ತುಟಿ ಬಿಚ್ಚಲಿಲ್ಲ. ದೊಡ್ಡಕ್ಕ ಗೋಡೆ ಹಿಡಿದುಕೊಂಡೇ ನಡೆದರು. ಸೋರ್ಬಾರ್ದಪ್ಪ ಮಾತ್ರ ನೆಟ್ಟಗೆ ಮಾವನ ಬಳಿ ಬಂದ. ಸಿಟ್ಟೇನೂ ಇರಲಿಲ್ಲ ಅವನ ಮುಖದಲ್ಲಿ; ಪಾಠ ಅರ್ಥವಾಗದ ಹುಡುಗ ಮೇಷ್ಟ್ರ ಬಳಿ ಬಂದ ಹಾಗಿತ್ತು.

"ಸರ್, ಅಡ್ಡಹೆಸರಿದ್ರೆ ಖಾಯಂ ಅಂದ್ರಿ."

ಮಾವ ಅವನನ್ನೇ ನೋಡಿದರು.

"ನಾಳೆಯಿಂದ ಬರ್ಬೇಡ ಅಂದ್ರು ಸರ್. ಅಜ್ಜಂಗೂ ಅಂದ್ರು. ಬರ್ಬೇಡ ಅನ್ನೋಕೆ ಮುಂಚೆ ಎಬ್ಬಿಸಿ ನಿಲ್ಸಿ ತೋರ್ಸೋದು ಯಾಕೆ ಸರ್? ನಾವೇನು ತಪ್ಪು ಮಾಡಿದ್ವಿ?"

ಮಾವನ ಬಾಯಿ ತೆರೆಯಿತು. ಕಾಲರಿನ ಮೈಕು ಇನ್ನೂ ಅಲ್ಲೇ ಇತ್ತು, ಆರಿಸಿದ್ದರು. ಹಾಲಿನ ಜನ ಈಗ ಅವರನ್ನು ನೋಡುತ್ತಿದ್ದ ರೀತಿಯೇ ಬೇರೆಯಾಗಿತ್ತು. ಈ ಮುದುಕನಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ನಮ್ಮನ್ನು ನಗಿಸಿದ ಎಂಬ ನೋಟ. ಏಜೆಂಟಮ್ಮ ಅವರ ತೋಳು ಹಿಡಿದು ಆ ಉದ್ದ ಜಮಖಾನದ ಮೇಲೆ ನಡೆಸಿಕೊಂಡು ಹೊರಬಂದಳು. ಬಾಗಿಲ ಬಳಿ ಜನರಲ್ ಮ್ಯಾನೇಜರ್ ಕೈ ಕುಲುಕಲು ಬಂದ. "ಅದ್ಭುತ ಸರ್, ನೀವು ಹೀಗೆ ಮಾಡ್ತೀರಿ ಅಂತ ನಮಗೂ ಗೊತ್ತಿರ್ಲಿಲ್ಲ," ಎಂದ. ಅವನ ಕೈ ಹಾಗೇ ಚಾಚಿಕೊಂಡಿರಲು ಬಿಟ್ಟು ಮಾವ ಮುಂದೆ ನಡೆದರು.

ಏಜೆಂಟಮ್ಮ ಕಾರು ಓಡಿಸಿದಳು. ಹೊರಗೆ ಬಿಸಿಲಿಗೆ ರಸ್ತೆ ಬೆಳ್ಳಗಾಗಿತ್ತು. ಅಂಗಡಿಗಳ ಮುಂದೆ ಜನ ಎಂದಿನಂತೆ ಚೌಕಾಸಿ ಮಾಡುತ್ತಿದ್ದರು. ಮಾವ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು. ಮನೆಯ ಕಿಟಕಿಯೆದುರಿನ ಅದೇ ಭಂಗಿ.

ಸಿಗ್ನಲಿನಲ್ಲಿ ಕಾರು ನಿಂತಾಗ ಮಾವ ಮಾತಾಡಿದರು.

"ಆ ಹುಡುಗಿ ನಿನ್ನತ್ರ ಬಂದು ಕೂತಿದ್ಲಲ್ಲ. ನಾನು ಮಾತಾಡ್ವಾಗ."

"ಹೂಂ."

"ಏನಂದ್ಲು?"

"ಏನಿಲ್ಲ ಮಾವ. ಊಟ ಎಷ್ಟೊತ್ತಿಗೆ ಅಂತ..."

ಮಾವ ತಲೆಯಾಡಿಸಿದರು. ನಂಬಿದರು. ಅವರು ನಂಬಿದ್ದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ನಾನೂ ಹಾಗೇ ಅಂದ್ಕೊಂಡೆ," ಎಂದರು. "ಅವಳ ಮುಖ ನೋಡಿ ಒಂದು ಗಳಿಗೆ ಏನೋ ಇದೆ ಅನ್ನಿಸ್ತು. ತಕ್ಷಣ ನಿನ್ನನ್ನ ನೋಡ್ದೆ. ನಿನ್ನ ಕೈ ಕನ್ನಡಕಕ್ಕೆ ಹೋಗಿತ್ತು. ಸರಿ, ನಿಲ್ಸೋಣ ಅಂದ್ಕೊಂಡೆ. ಆದ್ರೆ ನೀನು ಅದನ್ನ ಇನ್ನೂ ಮೇಲೆ ಏರಿಸ್ಕೊಂಡೆ. ಹಾಗಾದ್ರೆ ಏನೂ ಇಲ್ಲ, ಮಗು ಇದಾಳಲ್ಲ, ನೋಡ್ಕೋತಾಳೆ ಅಂತ ಮುಂದುವರ್ಸ್ದೆ. ಗೊತ್ತಿದ್ದಿದ್ರೆ ನೀನು ಬಿಡ್ತಿರ್ಲಿಲ್ಲ, ಅಲ್ವಾ? ನಿಮ್ಮತ್ತೆನೂ ಅಷ್ಟೇ, ನಾನು ತಪ್ಪು ದಾರಿ ಹಿಡಿದೆ ಅಂತ ಕಂಡ್ರೆ ಯಾವತ್ತೂ..."

ಏಜೆಂಟಮ್ಮನಿಗೆ ಮುಂದಿನ ರಸ್ತೆ ಕಲಸಿಹೋಯಿತು. ಏನೂ ಕಾಣದಾಗಿ, ಕಣ್ಣೊರೆಸಿಕೊಳ್ಳಲೆಂದು ಅವಳು ಕನ್ನಡಕ ತೆಗೆದಳು.

ಮಾವ ಮಾತು ಅರ್ಧಕ್ಕೆ ನಿಲ್ಲಿಸಿದರು. ಅವಳ ಕೈಯಲ್ಲಿದ್ದ ಕನ್ನಡಕವನ್ನು ನೋಡಿದರು, ಅವಳ ಮುಖವನ್ನು ನೋಡಿದರು. ಆಮೇಲೆ ಮೆಲ್ಲಗೆ ಕೈಮುಗಿದು, ಆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕಿಟಕಿಯ ಕಡೆ ತಿರುಗಿ ಕೂತರು.